ಅಚ್ಚಿಗೆ ಮೊದಲು ಓದುವವರು: ಕೊಳ್ಳೇಗಾಲ, ಹನೂರು, ಯಳಂದೂರಿನ ಹೊಸ ಕಥೆಗಾರರಿಗೆ ಒಂದು ಬಹಿರಂಗ ಪತ್ರ



ಬರೆದದ್ದನ್ನು ಮೊದಲು ಯಾರಿಗೆ ತೋರಿಸಬೇಕು, ಯಾವ ಪತ್ರಿಕೆಗೆ ಕಳಿಸಬೇಕು, ಪುಸ್ತಕ ತರುವುದು ಹೇಗೆ ಎಂಬ ಮೂರು ಪ್ರಶ್ನೆಗಳು ಹೊಸದಾಗಿ ಬರೆಯುವ ಎಲ್ಲರಿಗೂ ಇರುತ್ತವೆ. ನಮ್ಮ ಕಡೆ ಕೊನೆಯ ಪ್ರಶ್ನೆಗೆ ಅವಸರ ಹೆಚ್ಚು, ಮೊದಲನೆಯದನ್ನು ಕೇಳುವವರು ಕಡಿಮೆ. ಬಿಡುಗಡೆಯ ಕರಪತ್ರ ಹಂಚುವ ಹೊತ್ತಿಗೂ ಆ ಕಥೆಗಳನ್ನು ಬರೆದವರು ಮತ್ತು ಡಿ.ಟಿ.ಪಿ. ಮಾಡಿಕೊಟ್ಟವರನ್ನು ಬಿಟ್ಟು ಮೂರನೆಯವರು ಪೂರ್ತಿ ಓದಿರುವುದಿಲ್ಲ. ನಾನು ಹೇಳಹೊರಟಿರುವುದು ಒಂದೇ ಮಾತು. ಈ ಸೀಮೆಯ ಕಥೆಗಾರರಿಗೆ ಪ್ರಕಟಣೆಯ ದಾರಿಗಳು ಇವತ್ತು ಸಾಕಷ್ಟಿವೆ. ಇಲ್ಲದಿರುವುದು, ಕಥೆ ಇನ್ನೂ ಹಸಿಯಾಗಿರುವಾಗ ಕೂತು ಕೇಳಿ, ದಾಕ್ಷಿಣ್ಯವಿಲ್ಲದೆ ಹೇಳುವ ನಾಲ್ಕು ಜನ. ಅವರನ್ನು ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಕರೆಸಬೇಕಿಲ್ಲ. ನೀವೇ ಒಬ್ಬರಿಗೊಬ್ಬರು ಆ ನಾಲ್ವರಾಗಬೇಕು, ಅದೂ ಅಚ್ಚಿನ ಖರ್ಚಿಗೆ ಸಾಲ ಎತ್ತುವ ಮುಂಚೆ.

ಮೊದಲು ದಾರಿಗಳ ವಿಚಾರವನ್ನೇ ನೋಡೋಣ, ಏಕೆಂದರೆ 'ನಮ್ಮನ್ನು ಕೇಳುವವರ‍್ಯಾರು' ಎಂಬ ನಿರಾಸೆ ಇಲ್ಲಿ ಬೇಗ ಬೇರು ಬಿಡುತ್ತದೆ. ಊರು ದೂರ ಎಂಬುದು ಅಡ್ಡಿಯಲ್ಲ ಎನ್ನಲು ಹನೂರು ತಾಲ್ಲೂಕಿನ ಪೊನ್ನಾಚಿಯೇ ಸಾಕ್ಷಿ. ಆ ಊರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡ ಸ್ವಾಮಿ ಪೊನ್ನಾಚಿಯವರ 'ಧೂಪದ ಮಕ್ಕಳು' ಕಥಾಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ 2020ರ ಯುವ ಪುರಸ್ಕಾರ ಬಂತು. ಅದಕ್ಕೂ ಹಿಂದೆ ಕೃಷ್ಣಮೂರ್ತಿ ಹನೂರು ಹನೂರಿನ ಹೆಸರನ್ನು 'ಅಜ್ಞಾತನೊಬ್ಬನ ಆತ್ಮಚರಿತ್ರೆ'ಯಂಥ ಕಾದಂಬರಿಯ ರಕ್ಷಾಪುಟದ ಮೇಲೆ ತಂದಿದ್ದರು. ಇನ್ನು ಕಳಿಸುವ ಜಾಗಗಳು. ಸುಧಾ, ಮಯೂರ, ತರಂಗ, ತುಷಾರ, ಕರ್ಮವೀರಗಳಲ್ಲಿ ಹೊಸಬರ ಕಥೆಗಳಿಗೆ ಜಾಗವಿದೆ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ದಶಕಗಳಿಂದ ಹೊಸ ಹೆಸರುಗಳನ್ನು ಕನ್ನಡಕ್ಕೆ ಕೊಡುತ್ತ ಬಂದಿದೆ. ಬುಕ್ ಬ್ರಹ್ಮದ ಸ್ವಾತಂತ್ರ್ಯೋತ್ಸವ ಕಥಾಸ್ಪರ್ಧೆ ಈಚಿನ ವರ್ಷಗಳಲ್ಲಿ ಸೇರಿಕೊಂಡಿದೆ. ಕಥೆಗಾರ ವಸುಧೇಂದ್ರ ಅವರ ಛಂದ ಪುಸ್ತಕವು ಇನ್ನೂ ಸಂಕಲನ ತರದವರಿಂದ ಹಸ್ತಪ್ರತಿ ಕರೆದು, ತೀರ್ಪುಗಾರರು ಆರಿಸಿದ್ದಕ್ಕೆ ಬಹುಮಾನ ಕೊಟ್ಟು ತಾನೇ ಪ್ರಕಟಿಸುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆಯಿದೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಮಧುರಚೆನ್ನ ದತ್ತಿ ಬಹುಮಾನ ಮೀಸಲಾಗಿರುವುದೇ ಲೇಖಕರ ಮೊದಲ ಕೃತಿಗೆ. ಪುಸ್ತಕಕ್ಕೆ ಬೇಕಾದ ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಬಿಟ್ಟಿಯಾಗಿಯೇ ಕೊಡುತ್ತದೆ. ಅದನ್ನು 'ಕೊಡಿಸುತ್ತೇವೆ' ಎಂದು ಹಣ ಕೇಳುವವರಿದ್ದರೆ ಎಚ್ಚರವಾಗಿರಿ.

ಇಷ್ಟು ಬಾಗಿಲುಗಳಲ್ಲಿ ಒಂದು ಸಮಾನ ಅಂಶವಿದೆ, ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಪ್ರಾಧಿಕಾರದ ನೆರವು, ಛಂದದ ಬಹುಮಾನ, ಮಧುರಚೆನ್ನ ದತ್ತಿ ಇವೆಲ್ಲ ಮೊದಲ ಪುಸ್ತಕಕ್ಕೆ ಮಾತ್ರ. ಎರಡನೆಯದಕ್ಕೆ ಇಲ್ಲ. ಹಾಗೆಯೇ ಪತ್ರಿಕೆಗಳೂ ಸ್ಪರ್ಧೆಗಳೂ ಕೇಳುವುದು ಎಲ್ಲಿಯೂ ಪ್ರಕಟವಾಗದ ಕಥೆಯನ್ನು. ಅಂದರೆ ಕೈಯಿಂದ ಹಣ ಹಾಕಿ ಅರೆಬೆಂದ ಹತ್ತು ಕಥೆಗಳನ್ನು ಅಚ್ಚು ಮಾಡಿಸಿದ ದಿನ ಬರೆಯುವವರು ಕಳೆದುಕೊಳ್ಳುವುದು ಬರೀ ಹಣವನ್ನಲ್ಲ. ಆ ಹತ್ತೂ ಕಥೆಗಳು ಸ್ಪರ್ಧೆಗಳಿಂದ ಹೊರಬಿದ್ದವು, ಮೊದಲ ಪುಸ್ತಕವೆಂಬ ಅರ್ಹತೆಯೂ ಮುಗಿಯಿತು. ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದಲ್ಲಿ ಸಾವಿರ ಪ್ರತಿಗೆ ಕಡಿಮೆ ಮಾಡಿಸಿದರೆ ಗಿಟ್ಟುತ್ತಿರಲಿಲ್ಲ. ಸಾವಿರ ಪ್ರತಿಯ ಖರ್ಚು ಮಾಡುವವರು ಹಸ್ತಪ್ರತಿಯನ್ನು ಇನ್ನೊಬ್ಬರಿಗೆ ತೋರಿಸಿಯೇ ತೋರಿಸುತ್ತಿದ್ದರು. ಈಗ ಡಿಜಿಟಲ್ ಮುದ್ರಣದಲ್ಲಿ ನೂರು ಪ್ರತಿ, ಐವತ್ತು ಪ್ರತಿಯೂ ಸಾಧ್ಯ. ಅನುಕೂಲವೇ, ನಾನು ಅಲ್ಲಗಳೆಯುವುದಿಲ್ಲ. ಬಡವರ ಮಕ್ಕಳಿಗೆ ಪುಸ್ತಕ ಕೈಗೆಟುಕುವಂತಾಗಿದ್ದು ಇದರಿಂದಲೇ. ಆದರೆ ದುಬಾರಿ ಅಚ್ಚು ಒತ್ತಾಯದಿಂದ ತಂದಿದ್ದ ಆ ಕಾಯುವ ಕಾಲ ಮಾಯವಾಯಿತು, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ಪ್ರತಿಗಳು ನೆಂಟರಿಗೆ, ಸಹೋದ್ಯೋಗಿಗಳಿಗೆ, ವೇದಿಕೆಯ ಗಣ್ಯರಿಗೆ ಹಂಚಿಹೋಗುತ್ತವೆ. ಅವರಲ್ಲಿ ಯಾರೂ 'ಆರನೇ ಕಥೆ ಮುಗಿಯುವುದೇ ಇಲ್ಲವಲ್ಲ' ಎಂದು ಹೇಳುವ ಸಂಬಂಧದಲ್ಲಿಲ್ಲ.

ಪತ್ರಿಕೆಯವರು, ತೀರ್ಪುಗಾರರು ಹೇಳುತ್ತಾರಲ್ಲ ಎನ್ನಬಹುದು. ಹೇಳುವುದಿಲ್ಲ, ಹೇಳಲು ಆಗುವುದೂ ಇಲ್ಲ. ರಾಶಿ ರಾಶಿ ಕಥೆ ಬಂದು ಬೀಳುವ ಕಡೆ ಒಂದೊಂದಕ್ಕೂ ಕಾರಣ ಬರೆದು ಕಳಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಪ್ರಕಟವಾದರೆ ಅದೇ ಉತ್ತರ, ಆಗದಿದ್ದರೆ ಮೌನವೇ ಉತ್ತರ. ಸ್ಪರ್ಧೆಯಿಂದ ಬರುವುದು ತೀರ್ಪು, ಅದರಲ್ಲಿ ತಿದ್ದಿಕೊಳ್ಳಲು ಹಿಡಿಯಾಗುವಂಥದ್ದು ಏನೂ ಇರುವುದಿಲ್ಲ. ಇನ್ನೂ ಒಂದು ಕಾರಣಕ್ಕೆ ದೂರದ ಸಂಪಾದಕರು ನಿಮ್ಮ ಮೊದಲ ಓದುಗರಾಗಲಾರರು. ಕೊಳ್ಳೇಗಾಲ ರೇಷ್ಮೆಯ ಸೀಮೆ. ಹುಳು ಸಾಕುವ ಮನೆಯ ಕಥೆಯಲ್ಲಿ 'ಮೂರನೇ ಜ್ವರ ಎದ್ದ ಹುಳುಗಳನ್ನು ಚಂದ್ರಿಕೆಗೆ ಹಾಕಿದಳು' ಎಂದು ಒಬ್ಬರು ಬರೆದರು ಎಂದಿಟ್ಟುಕೊಳ್ಳಿ. ವಾಕ್ಯ ಚೆಂದವಿದ್ದರೆ ಬೆಂಗಳೂರಿನ ಮೇಜಿನ ಮೇಲೆ ಅದು ಹಾಗೇ ದಾಟಿಹೋಗುತ್ತದೆ. ಹುಳುವಿಗೆ ನಾಲ್ಕು ಜ್ವರ, ನಾಲ್ಕನೆಯದು ಎದ್ದ ಮೇಲೆ ವಾರದಷ್ಟು ಕಾಲ ಹಗಲೂ ರಾತ್ರಿ ಸೊಪ್ಪು ಹಾಕಿ, ಹಣ್ಣಾದ ಹುಳುವನ್ನು ಆರಿಸಿಯೇ ಚಂದ್ರಿಕೆಗೆ ಬಿಡುವುದು ಎಂದು ಗೊತ್ತಿರುವ ಹೆಂಗಸು ಇಲ್ಲಿಯ ಯಾವ ಹಳ್ಳಿಯಲ್ಲಾದರೂ ಸಿಗುತ್ತಾಳೆ. ಅವಳು ಆ ವಾಕ್ಯ ಕೇಳಿದರೆ ಅಲ್ಲೇ ತಡೆಯುತ್ತಾಳೆ. ತಡೆಯುವುದು ತಪ್ಪು ಹಿಡಿಯಲಿಕ್ಕಷ್ಟೇ ಅಲ್ಲ, ಕಥೆಗಾರರಿಗೆ ಅಲ್ಲೊಂದು ದಾರಿಯೇ ತೆರೆಯಬಹುದು. ಆ ಕೊನೆಯ ವಾರದ ನಿದ್ದೆಗೆಟ್ಟ ದುಡಿಮೆ, ಸೊಪ್ಪು ಸಾಲದೆ ಪಕ್ಕದ ತೋಟಕ್ಕೆ ಕೈಯೊಡ್ಡುವ ಅವಮಾನ, ಗೂಡಿನ ರೇಟು ಬಿದ್ದೀತೆಂಬ ಭಯ, ಇವೆಲ್ಲ ಕಥೆಯ ನಿಜವಾದ ಒಡಲು. ಅದನ್ನು ತೋರಿಸಿಕೊಡುವ ಓದುಗರು ನಿಮ್ಮ ಬೀದಿಯಲ್ಲಿದ್ದಾರೆ. ಕರಿಕಲ್ಲಿನ ಕ್ವಾರಿಯ ಕೆಲಸ, ಬೆಳೆ ಕಾಯುವ ಅಟ್ಟಣೆ, ಕಾಡಂಚಿನ ಆನೆ, ತಮಿಳುನಾಡಿನ ಕಡೆಗೆ ಕೂಲಿಗೆ ಹೋಗುವವರ ಬದುಕು, ಎಲ್ಲಕ್ಕೂ ಈ ಮಾತು ಸಲ್ಲುತ್ತದೆ.

ಕೇಳುವವರನ್ನು ಇಟ್ಟುಕೊಂಡೇ ಕಥೆ ಕಟ್ಟುವುದು ಈ ನೆಲಕ್ಕೆ ಹೊಸ ಉಪದೇಶವೂ ಅಲ್ಲ. ಕಂಸಾಳೆ ಹಿಡಿದ ದೇವರಗುಡ್ಡರು ಮಾದಪ್ಪನ ಕಥೆಯನ್ನು ಸಾಲು ಸಾಲಾಗಿ ಹಾಡುತ್ತಾರೆ, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಎಂದು. ಚಿಕ್ಕಲ್ಲೂರಿನ ಜಾತ್ರೆಗೆ ಬರುವ ನೀಲಗಾರರು ತಂಬೂರಿ ಮೀಟಿ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ ಹೇಳುತ್ತಾರೆ. ಮುಂದೆ ಹಾಡುವವರಿಗೆ ಹಿಮ್ಮೇಳ ಸೊಲ್ಲು ಕೊಡದಿದ್ದರೆ, ಕೂತವರು ಹೂಂಗುಟ್ಟದಿದ್ದರೆ ಆ ರಾತ್ರಿಯ ಕಥೆ ಮುಂದೆ ಸಾಗುವುದಿಲ್ಲ. ಕೇಳುವವರು ತೂಕಡಿಸಿದ ಕಡೆ ಹಾಡುಗಾರರು ಕಥೆ ಕಿರಿದು ಮಾಡುತ್ತಾರೆ, ಕಣ್ಣರಳಿದ ಕಡೆ ಹಿಗ್ಗಿಸುತ್ತಾರೆ. ಪಿ.ಕೆ. ರಾಜಶೇಖರ ಅವರು 1970ರ ದಶಕದಲ್ಲಿ ಮಲೆಯ ಮಾದೇಶ್ವರನ ಕಾವ್ಯವನ್ನು ಸಂಗ್ರಹಿಸಿ ಪುಸ್ತಕ ಮಾಡಿದಾಗ ಅಚ್ಚಿಗೆ ಹೋದದ್ದು, ತಲೆತಲಾಂತರ ಕೇಳುಗರ ಮುಂದೆ ಪರೀಕ್ಷೆಯಾಗಿದ್ದ ಕಥನ. ಬರಹದ ಪರಂಪರೆಗೆ ಬಂದರೂ ಯಳಂದೂರಿನ ಸಂಚಿ ಹೊನ್ನಮ್ಮನಿದ್ದಾಳೆ. ಹದಿನೇಳನೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಕೆಯ ಸಂಚಿ ಹೊರುತ್ತಿದ್ದ ಹೆಣ್ಣುಮಗಳು 'ಹದಿಬದೆಯ ಧರ್ಮ' ಬರೆದಳು. ಅವಳಿಗೆ ಓದು ಕಲಿಸಿ ಕಾವ್ಯಕ್ಕೆ ಬೆನ್ನಾದ ಗುರುವಿದ್ದ, ಕೇಳುವ ರಾಣೀವಾಸವಿತ್ತು. ಪ್ರತಿಭೆ ಅವಳದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪ್ರತಿಭೆ ಒಂಟಿಯಾಗಿ ಕೂತು ಬರೆದದ್ದಲ್ಲ.

ಹೊಸಗನ್ನಡದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಧಾರವಾಡದ್ದು. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಕಚೇರಿ ಒಂದು ಅಟ್ಟ. ಆ ಅಟ್ಟ ಹತ್ತಿದವರು ಹಸ್ತಪ್ರತಿ ಕೊಟ್ಟು ರಸೀದಿ ಪಡೆದು ಇಳಿಯುತ್ತಿರಲಿಲ್ಲ. ಓದು, ವಾದ, ತಕರಾರು ನಡೆಯುತ್ತಿದ್ದವು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರಾಗಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ, ಅನಂತಮೂರ್ತಿಯವರ ಮೊದಲ ಕಾದಂಬರಿ 'ಸಂಸ್ಕಾರ' 1965ರಲ್ಲಿ ಹೊರಬಂದದ್ದು ಅಲ್ಲಿಂದ. ಇಬ್ಬರೂ ಆಗ ಕಾದಂಬರಿಕಾರ, ನಾಟಕಕಾರ ಎಂದು ಹೆಸರಾದವರಲ್ಲ. ಮಾಸ್ತಿಯವರು 'ಜೀವನ' ಪತ್ರಿಕೆಯನ್ನು ಎರಡು ದಶಕ ನಡೆಸಿದ್ದು, ಲಂಕೇಶರು 1980ರಲ್ಲಿ ಶುರು ಮಾಡಿದ ತಮ್ಮ ಪತ್ರಿಕೆಯಲ್ಲಿ ಹಳ್ಳಿಗಾಡಿನ ಹುಡುಗ ಹುಡುಗಿಯರಿಂದ ಬರೆಸಿದ್ದು ಇದೇ ಕೆಲಸದ ಬೇರೆ ರೂಪಗಳು. ಇವತ್ತಿನ ಬಹುಪಾಲು ಪ್ರಕಾಶಕರಿಗೆ ಹಾಗೆ ಕೂತು ಓದುವ ವ್ಯವಧಾನವಾಗಲಿ, ಸಂಬಳ ಕೊಟ್ಟು ಸಂಪಾದಕರನ್ನು ಇಡುವ ಶಕ್ತಿಯಾಗಲಿ ಇಲ್ಲ. ಹೀಗಾಗಿ ಹಿಂದಿನವರು ಮಾಡುತ್ತಿದ್ದ ಕೆಲಸ ಬರೆಯುವವರ ತಲೆಯ ಮೇಲೇ ಬಂದಿದೆ.

ಒಬ್ಬರ ಕಥೆಯನ್ನು ಇನ್ನೊಬ್ಬರು ಕೂತು ಕೇಳುವ ಕೂಟ ಹೇಗಿರಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ ಹೇಳುತ್ತೇನೆ. ಸಂಘ ನೋಂದಾಯಿಸಬೇಡಿ, ಅಧ್ಯಕ್ಷರನ್ನು ಆರಿಸಬೇಡಿ, ಶಾಲು ಹಾರ ಬೇಡ. ಐದಾರು ಮಂದಿ ಸಾಕು. ತಿಂಗಳಿಗೊಂದು ಭಾನುವಾರ ಹಗಲು ಹೊತ್ತಿನಲ್ಲಿ ಸೇರಿ, ಒಮ್ಮೆ ಕೊಳ್ಳೇಗಾಲ, ಒಮ್ಮೆ ಯಳಂದೂರು, ಒಮ್ಮೆ ಹನೂರು. ಹಗಲು ಹೊತ್ತು ಏಕೆಂದರೆ ಸಂಜೆಯ ಕಾರ್ಯಕ್ರಮಗಳೆಲ್ಲ ಕೊನೇ ಬಸ್ಸಿನ ಲೆಕ್ಕದಲ್ಲಿ ಹೆಣ್ಣುಮಕ್ಕಳನ್ನು ಹೊರಗಿಡುತ್ತವೆ. ಜಾಗಕ್ಕೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿವೆ. 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದ ಇವು ಈಗ 'ಅರಿವು ಕೇಂದ್ರ'ಗಳು, ಮೇಲ್ವಿಚಾರಕರನ್ನು ಮೊದಲೇ ಕೇಳಿಕೊಂಡರೆ ಒಂದು ಮೇಜು, ನಾಲ್ಕು ಕುರ್ಚಿಗೆ ದಾರಿಯಾದೀತು. ಕಥೆಯನ್ನು ಗಟ್ಟಿಯಾಗಿ ಓದಿಸಿ, ಬರೆದವರ ಕೈಯಲ್ಲಲ್ಲ, ಇನ್ನೊಬ್ಬರ ಕೈಯಲ್ಲಿ. ಬರೆದವರು ಓದಿದರೆ ಕಾಗದದ ಮೇಲಿಲ್ಲದ ಭಾವವನ್ನು ದನಿ ತುಂಬಿಬಿಡುತ್ತದೆ. ಬೇರೆಯವರು ಎಲ್ಲಿ ಎಡವುತ್ತಾರೋ ಅಲ್ಲಿ ವಾಕ್ಯವೇ ಎಡವಿದೆ. ಓದು ಮುಗಿದ ಮೇಲೆ ಕೇಳಿದವರು ಮೊದಲು ಹೇಳಬೇಕಾದ್ದು ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬುದನ್ನಲ್ಲ. ಈ ಕಥೆಯಲ್ಲಿ ಏನು ನಡೆಯಿತು ಎಂದು ತಮಗೆ ತಿಳಿದಷ್ಟನ್ನು. ಬರೆದವರು ಮಧ್ಯೆ ಬಾಯಿ ಹಾಕಬಾರದು. ತಾವು ಬರೆದೆವೆಂದುಕೊಂಡದ್ದಕ್ಕೂ ಅವರು ಕೇಳಿಸಿಕೊಂಡದ್ದಕ್ಕೂ ಎಷ್ಟು ದೂರವಿದೆ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ. ಹೇಗೆ ಸರಿಪಡಿಸಬೇಕೆಂದು ಹೇಳಿಕೊಡುವ ಉತ್ಸಾಹ ಕೇಳುಗರಿಗೆ ಬೇಡ, ಎಲ್ಲಿ ಮನಸ್ಸು ಬೇರೆಡೆ ಹೋಯಿತು ಎಂದು ತೋರಿಸಿದರೆ ಸಾಕು. ಕೂಟದಲ್ಲಿ ಬರೆಯದವರು ಒಬ್ಬಿಬ್ಬರಾದರೂ ಇರಲಿ. ಬರೆಯುವವರೇ ತುಂಬಿದ ಕೂಟ 'ನನ್ನದನ್ನು ನೀನು ಹೊಗಳು, ನಿನ್ನದನ್ನು ನಾನು' ಎಂಬ ಒಪ್ಪಂದಕ್ಕೆ ಬೇಗ ಇಳಿಯುತ್ತದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಕೆಲವು ತೂಕದವು. ಕಥೆ ಕದ್ದಾರು ಎಂಬ ಭಯ ಅಷ್ಟು ತೂಕದ್ದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಬರಹದ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ಬರೀ ಎಳೆಗೆ, ಆಲೋಚನೆಗೆ ಆ ಕಾಯ್ದೆ ರಕ್ಷಣೆ ಕೊಡುವುದಿಲ್ಲ ನಿಜ. ಆದ್ದರಿಂದ ಎಳೆಯನ್ನು ಬಾಯಲ್ಲಿ ಹೇಳುತ್ತ ತಿರುಗಬೇಡಿ, ಬರೆದು ಮುಗಿಸಿದ್ದನ್ನು ತನ್ನಿ, ದಿನಾಂಕ ಹಾಕಿದ ಪ್ರತಿಯೊಂದು ನಿಮ್ಮ ಬಳಿಯಿರಲಿ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹತ್ತು ಜನ ಕೈಯಾಡಿಸಿದರೆ ನಮ್ಮ ಮಾತಿನ ಸೊಗಡು ಹೋಗಿ ಎಲ್ಲರ ಕಥೆಯೂ ಪಠ್ಯಪುಸ್ತಕದ ಕನ್ನಡವಾಗುತ್ತದೆ ಎಂಬುದು. ಹೊರಗಿನ ತಿದ್ದುಗಾರರ ವಿಷಯದಲ್ಲಿ ಈ ಆತಂಕ ಸರಿ. ಪಕ್ಕದ ನಂಜನಗೂಡು ಸೀಮೆಯ ಮಾತಿನಲ್ಲೇ ದೇವನೂರ ಮಹಾದೇವ 'ಕುಸುಮಬಾಲೆ' ಬರೆದಾಗ ಭಾಷೆ ಕಷ್ಟವೆಂದು ದೂರಿದವರು ಕಡಿಮೆಯಿರಲಿಲ್ಲ. ಅದೇ ಪುಸ್ತಕಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ನಾನು ಹೇಳುತ್ತಿರುವುದು ಇಲ್ಲಿಯವರೇ ಕೂತು ಕೇಳುವ ಕೂಟ. ಒಂದು ಸಾಲಿನಲ್ಲಿ 'ಬಂದವ್ನೆ' ಎಂದ ಪಾತ್ರ ಮುಂದಿನ ಸಾಲಿಗೆ 'ಬಂದಿದ್ದಾನೆ' ಎಂದರೆ ಸುಳ್ಳು ಎಂದು ಮೊದಲು ಗುರುತಿಸುವುದು ಇಲ್ಲಿಯ ಕಿವಿ. ಮಾತು ಕೂಡ ಒಂದೇ ಇಲ್ಲ. ಕೊಳ್ಳೇಗಾಲ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಯಳಂದೂರು ಪೂರ್ಣಯ್ಯನವರಿಗೆ ಮೈಸೂರು ಅರಸರು ಕೊಟ್ಟ ಜಹಗೀರು. ಹನೂರಿನ ಗಡಿಯಲ್ಲಿ ಮನೆಮಾತು ತಮಿಳಾದವರಿದ್ದಾರೆ, ಬಿಳಿಗಿರಿರಂಗನ ಬೆಟ್ಟದಲ್ಲೂ ಮಾದಪ್ಪನ ಬೆಟ್ಟದಲ್ಲೂ ಸೋಲಿಗರ ನುಡಿಯಿದೆ. ಸೋಲಿಗರ ಪೋಡಿನ ಮೇಲೆ ಕಥೆ ಬರೆಯುವವರು ಅದನ್ನು ಒಬ್ಬ ಸೋಲಿಗರ ಮುಂದೆ ಓದಿಸದೆ ಅಚ್ಚಿಗೆ ಕಳಿಸುವುದು ತಪ್ಪೆಂದೇ ನನ್ನ ನಿಲುವು. ಅವರ ಬದುಕನ್ನು ಎರವಲು ಪಡೆದ ಮೇಲೆ ಅವರ ಮಾತು ಕೇಳುವ ಹೊಣೆಯೂ ಇದೆ.

ಜಾತಿಯ ಪ್ರಶ್ನೆಯನ್ನು ಬಿಟ್ಟು ಈ ಮಾತು ಮುಗಿಸಲಾಗದು. ಒಂದೇ ಬೀದಿಯ ನಾಲ್ವರು ಸೇರಿದರೆ ಆ ಬೀದಿಗೆ ಹಿತವಾದ ಕಥೆಯೇ ಗೆಲ್ಲುತ್ತದೆ. ಬೇರೆ ಬೇರೆ ಬೀದಿಯವರು ಸೇರಿದರೆ ಕೆಲವು ಕಥೆಗಳನ್ನು ಓದುವುದೇ ಕಷ್ಟವಾಗಬಹುದು, ಕೇಳಿದವರಿಗೆ ಸಿಟ್ಟು ಬರಬಹುದು, ಬರೆದವರಿಗೆ ನಾಳೆ ಅಂಗಡಿ ಮುಂದೆ ತಲೆ ಎತ್ತುವುದು ಕಷ್ಟವಾದೀತು. ಈ ಅಪಾಯ ನಿಜ. ಕೂಟದಲ್ಲಿ ಕೇಳಿದ್ದು ಕೂಟದಲ್ಲೇ ಉಳಿಯಬೇಕು ಎಂಬ ಮಾತಿಗೆ ಎಲ್ಲರೂ ಬದ್ಧರಾಗಬೇಕು, ಆಗದವರನ್ನು ಮುಂದಿನ ತಿಂಗಳು ಕರೆಯಬಾರದು. ಹಾಗಿದ್ದೂ ನಾನು ಬೆರೆತ ಕೂಟದ ಪರವೇ. ಹಟ್ಟಿಯ ಕಥೆಯನ್ನು ಊರಿನವರೂ, ಊರಿನ ಕಥೆಯನ್ನು ಹಟ್ಟಿಯವರೂ ಅಚ್ಚಾಗುವ ಮುಂಚೆ ಕೇಳಿದರೆ, ಬರೆದವರಿಗೆ ಕಾಣದೆ ನುಸುಳಿದ ಅಸಡ್ಡೆಯೊಂದು ಸಿಕ್ಕಿಬೀಳುತ್ತದೆ. ಬಹುಮಾನಗಳೆಲ್ಲ ವಶೀಲಿಯಿಂದ ಬರುವವು, ಇಷ್ಟೆಲ್ಲ ತಿದ್ದಿ ಏನು ಪ್ರಯೋಜನ ಎನ್ನುವವರಿಗೂ ಒಂದು ಮಾತು. ವಶೀಲಿ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ತೀರ್ಪುಗಾರರು ವರ್ಷ ವರ್ಷ ಬದಲಾಗುವ, ಲೇಖಕರ ಹೆಸರು ಮರೆಮಾಡಿ ಓದಿಸುವ ಸ್ಪರ್ಧೆಗಳೂ ಇವೆ. ಅಲ್ಲಿ ಕಥೆಯೊಂದೇ ನಿಮ್ಮ ಪರವಾಗಿ ಮಾತಾಡಬೇಕು.

ಕೂಟದಲ್ಲಿ ಎರಡು ಸಲವಾದರೂ ಓದಿಸಿಕೊಂಡು ತಿದ್ದಿದ ಮೇಲೆ ಕಳಿಸುವ ಕ್ರಮ ಸರಳ. ಪತ್ರಿಕೆಯ ಹಿಂದಿನ ಆರು ಸಂಚಿಕೆಗಳನ್ನು ಗ್ರಂಥಾಲಯದಲ್ಲಿ ಓದಿ ಅವರು ಎಷ್ಟು ಉದ್ದದ, ಎಂಥ ಕಥೆ ಹಾಕುತ್ತಾರೆ ನೋಡಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಮಾಡಿಸಿದ ಕಡತ ಪರಿವರ್ತನೆಯಾಗುವಾಗ ಒತ್ತಕ್ಷರ, ಅರ್ಕಾವೊತ್ತು ಕೆಡುವುದುಂಟು, ಆದ್ದರಿಂದ ಕಳಿಸುವ ಮುಂಚೆ ಒಂದೊಂದು ಸಾಲನ್ನೂ ಕಣ್ಣಾರೆ ನೋಡಿ. ಸ್ವಂತ, ಅಪ್ರಕಟಿತ ಕಥೆ ಎಂದು ಎರಡು ಸಾಲಿನ ಪತ್ರವಿರಲಿ. ಒಂದೇ ಕಥೆಯನ್ನು ಒಂದೇ ಕಾಲಕ್ಕೆ ಎರಡು ಕಡೆ ಕಳಿಸಬೇಡಿ. ಕೆಲವು ತಿಂಗಳು ಕಾದು ಉತ್ತರವಿಲ್ಲದಿದ್ದರೆ, ವಾಪಸ್ ಪಡೆಯುತ್ತಿದ್ದೇನೆಂದು ತಿಳಿಸಿ ಮುಂದಿನ ಕಡೆಗೆ ಕಳಿಸಿ. ಹೀಗೆ ಎಂಟು ಹತ್ತು ಕಥೆಗಳು ಗಟ್ಟಿಯಾದ ಮೇಲೆ ಸಂಕಲನದ ಮಾತು. ಪ್ರಕಾಶಕರು ಒಪ್ಪಿದರೆ ಎಷ್ಟು ಪ್ರತಿ, ಗೌರವಧನ ಎಷ್ಟು, ಹಕ್ಕು ಯಾರದು ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ನೀವೇ ಹಣ ಹಾಕುವುದಾದರೆ, ಗ್ರಂಥಾಲಯ ಇಲಾಖೆ ಪುಸ್ತಕ ಕೊಂಡೀತು ಎಂಬ ನಂಬಿಕೆಯ ಮೇಲೆ ಸಾಲ ಮಾಡಬೇಡಿ. ಆಯ್ಕೆ ಖಾತ್ರಿಯಲ್ಲ, ಆಯ್ಕೆಯಾದರೂ ಹಣ ಬರುವುದು ತಡ.

ದೀಪಾವಳಿ ಕಥಾಸ್ಪರ್ಧೆಯ ಪ್ರಕಟಣೆ ಹಬ್ಬಕ್ಕೆ ಕೆಲವು ತಿಂಗಳು ಮುಂಚೆಯೇ ಬರುತ್ತದೆ. ಅಷ್ಟರೊಳಗೆ ಕೂಟ ಎರಡು ಸಲ ಸೇರಬಹುದು. ಮೊದಲ ಸಲ ಒಂದೇ ಕಥೆ ಇಟ್ಟುಕೊಳ್ಳಿ, ತೀರಾ ಚೆನ್ನಾಗಿದೆ ಎಂದು ನಿಮಗೇ ಅನ್ನಿಸಿದ್ದು ಬೇಡ, ಎಲ್ಲೋ ಸಿಕ್ಕಿಕೊಂಡು ಮುಂದೆ ಹೋಗದ್ದು ಇರಲಿ. ಐದು ಜೆರಾಕ್ಸ್ ಪ್ರತಿ ಮಾಡಿಸಿ, ಸಾಲುಗಳ ನಡುವೆ ಜಾಗ ಬಿಟ್ಟಿರಲಿ, ಹೆಸರು ಬರೆಯಬೇಡಿ. ಬರುವವರೆಲ್ಲ ಒಂದೊಂದು ಪೆನ್ಸಿಲ್ ತರಲಿ.

ವಿಶ್ವಾಸದಿಂದ,
ನಿಮ್ಮ ಕಥೆಗಳಿಗೆ ಕಾದಿರುವ ಒಬ್ಬ ಓದುಗ